ಡಾಕ್ಟರ್ ಅಂಕಲ್ ಬೇಸ್‌ಮೆಂಟಿನ ಬಾವುಟಗಳು

"ಈ ಹುಡುಗಿ ಡಿಗ್ರಿ ಮಾಡೋದಾ? ಆಗೋ ಹೋಗೋ ಮಾತಾ ಅದು?" ಎಂದು ನನ್ನ ಬಗ್ಗೆ ಅಮ್ಮನ ಎದುರಿಗೇ ಅಂದವರು ಅಮೆರಿಕದ ಆಶ್‌ಬರ್ನ್‌ನ ಡಾಕ್ಟರ್ ಅಂಕಲ್. ಅಮ್ಮ ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ನಮ್ಮ ಕಡೆ ಯಾರೂ ಕಾಲೇಜು ಕಂಡವರಲ್ಲ. ಈಗ ನನ್ನ ಡಿಗ್ರಿ ಕೈಗೆ ಬಂದಾಯಿತು, ಆದರೂ ನುಸಿಗುಳಿಗೆ ವಾಸನೆ ಬಡಿದರೆ ಆ ಮನುಷ್ಯನ ಬೇಸ್‌ಮೆಂಟೇ ಕಣ್ಮುಂದೆ ಬರುತ್ತದೆ.

ಗೋಡೆ ತುಂಬ ನುಸಿಗುಳಿಗೆ ವಾಸನೆಯ ಹಳೆಯ ಬೇಸ್‌ಬಾಲ್ ಪೆನಂಟುಗಳು, ಅಂದರೆ ಊರೂರಿನ ತಂಡಗಳ ಹೆಸರಿರುವ, ಕಂಬಳಿಯಂಥ ಒರಟು ಬಟ್ಟೆಯ ಉದ್ದ ತ್ರಿಕೋನ ಬಾವುಟಗಳು. ಆಟದ ಗಂಧವೂ ಅವರಿಗಿರಲಿಲ್ಲ. ಬರೀ ಜಂಭಕ್ಕೆ ಕೊಂಡದ್ದು. ನಾನು ಚಿಕ್ಕವಳಿದ್ದಾಗ ಒಮ್ಮೆ ಅವರ ಮಗನ ಬರ್ತ್‌ಡೇ. ಒಂದೇ ಕಂಪನಿ ಮಾಡಿದ ಎರಡು ಬಾವುಟ ಯಾವುವು ಎಂದು ಮಕ್ಕಳಿಗೆ ಸ್ಪರ್ಧೆ ಇಟ್ಟರು. ಮಗ ಒಂದೇ ಊರಿನ ಎರಡನ್ನು ತೋರಿಸಿದ.

"ಕರೆಕ್ಟ್! ಊರು ಒಂದೇ ಅಂದ್ಮೇಲೆ ಕಂಪನಿನೂ ಒಂದೇ," ಅಂದರು ಅಂಕಲ್.

ನಾನು ನೀಲಿಯದನ್ನೂ ಕೆಂಪನ್ನೂ ತೋರಿಸಿದೆ. "ಊರು ಬೇರೆ ಅಂಕಲ್, ಆದ್ರೆ ಎರಡರಲ್ಲೂ ಜಾರಿ ಬೀಳ್ತಿರೋ ಆಟಗಾರನ ಚಿತ್ರ ಒಂದೇ. ಷರ್ಟಿನ ಬಣ್ಣ ಮಾತ್ರ ಬೇರೆ."

"ಹೋಗು, ಅಮ್ಮಂಗೆ ಪೂರಿ ಲಟ್ಟಿಸಿಕೊಡು," ಎಂದು ನಕ್ಕರು.

ಅಷ್ಟರಲ್ಲಿ ಮಗ ನಾನು ತೋರಿಸಿದ ಎರಡನ್ನೂ ತಿರುಗಿಸಿಬಿಟ್ಟ. ಹಿಂದೆ ಅಂಟಿದ್ದವು ಒಂದೇ ಕಂಪನಿಯ ಚೀಟಿಗಳು. ಕೊಂಡವರು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ!

ಮೊದಲ ಬಹುಮಾನ ಮಗನ ಹೆಸರಿನಲ್ಲಿ ಮೊದಲೇ ಪ್ರಿಂಟ್ ಆಗಿತ್ತು. ನನಗೆ 'ಭಾಗವಹಿಸಿದ್ದಕ್ಕೆ' ಅನ್ನೋ ಸರ್ಟಿಫಿಕೇಟನ್ನು ಮುಖ ನೋಡದೆ ಕೊಟ್ಟರು.

ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು. "ಜೋಪಾನವಾಗಿಡೋಣ ಮಗಳೇ. ನಿನ್ನ ಡಿಗ್ರಿ ಪಕ್ಕದಲ್ಲೇ ಇದನ್ನೂ ತೂಗುಹಾಕಿ, ಇವರನ್ನ ಊಟಕ್ಕೆ ಕರೀತೀನಿ."