ಬಡ್ಡಿ ಲೆಕ್ಕದ ಕೊನೇ ಪಾಠ

ಬಾಗಿಲ ಕಡೆ ಒಮ್ಮೆ ನೋಡಿ ಶ್ರೀಗೌರಿ ಪರದೆಯ ಮೇಲಿನ ಲೆಕ್ಕದ ಸಾಲಿನಿಂದ ಭಾಗಿಸುವ ಆ ನೂರನ್ನು ಅಳಿಸಿದಳು. ಅಸಲು, ದರ, ವರ್ಷ ಮೂರನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಬಡ್ಡಿ. ಈಗ ಭಾಗಿಸುವುದೇ ಇರಲಿಲ್ಲ. ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಬೀಗ ಹಾಕಿದಳು.

ಹಾಗಂತ ಅವಳು ಯಾರ ದುಡ್ಡನ್ನೂ ನುಂಗಿದವಳಲ್ಲ. ಹೊನ್ನಾವರ ಪೇಟೆಯಲ್ಲಿ, ಬಲೆ ಮಾರುವ ಅಂಗಡಿಯ ಮಹಡಿಯ ಮೇಲೆ ಅವಳದೊಂದು ಕಂಪ್ಯೂಟರ್ ತರಗತಿ. ಕೆಡಿಸಿದ್ದು ತನ್ನದೇ ವಿದ್ಯಾರ್ಥಿಯ ಪ್ರೋಗ್ರಾಮನ್ನು.

ವಿದ್ಯಾರ್ಥಿ ಎಂದರೆ ಐವತ್ತರ ಹತ್ತಿರದ ದಿನಕರ. ಮಾವಿನಕುರ್ವೆಯವನು, ಹೆಂಡತಿಯನ್ನು ಕಳೆದುಕೊಂಡವನು. ಒಂದು ಸೊಸೈಟಿಗಾಗಿ ಅಂಗಡಿ ಅಂಗಡಿ ಸುತ್ತಿ ಪಿಗ್ಮಿ ಹಣ ಸಂಗ್ರಹಿಸುತ್ತಿದ್ದ. ಬಡ್ಡಿ ಲೆಕ್ಕದ ಪ್ರೋಗ್ರಾಮು ಅವನ ಕೊನೆಯ ಪಾಠ. ಇವತ್ತು ಬರೆದದ್ದು ನಾಳೆ ಮೊದಲ ಸಲಕ್ಕೇ ಸರಿ ಉತ್ತರ ಕೊಟ್ಟರೆ ಸರ್ಟಿಫಿಕೇಟು. ದಿನಕರ ಸೇರುವ ಮೊದಲು ಇಂಥದೊಂದು ನಿಯಮ ಆ ತರಗತಿಯಲ್ಲಿ ಇರಲಿಲ್ಲ, ಬಿಡಿ.

ಪ್ರತಿ ಸಂಜೆ ಅವನು ಬಂದು ಕೂತೊಡನೆ ಅವಳು ಚಹಾ ತರಲು ಒಳಗೆ ಹೋಗುತ್ತಿದ್ದಳು. ಮರಳುವಷ್ಟರಲ್ಲಿ ತಪ್ಪು ಉತ್ತರ.

"ಎಂತ ಆತು ಮೇಡಂ ಇದಕ್ಕೆ? ನಿನ್ನೆ ಸರಿ ಇತ್ತಲ್ಲ."

"ಎಲ್ಲೋ ಕೈ ತಪ್ಪಿರ್ಬೇಕು. ಹುಡುಕ್ವ."

"ಹುಡುಕ್ವ. ನಂಗೆಂತ ಅವಸರ ಇಲ್ಲ."

ಇಬ್ಬರೂ ಪಕ್ಕಪಕ್ಕ ಕೂತು ಒಂದೊಂದೇ ಸಾಲು ನೋಡುತ್ತಿದ್ದರು. "ಮಧ್ಯಾಹ್ನ ಊಟಕ್ಕೆ ಎಂತ ಮಾಡಿದ್ರಿ?" ಎಂದು ಅವನು ಕೇಳುತ್ತಿದ್ದ. ಅವಳನ್ನು ಹಾಗೆ ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ. ಅವನು ಮೆಟ್ಟಿಲಿಳಿದು ಹೋದರೆ ಮರುದಿನ ಸಂಜೆಯವರೆಗೆ ಫೀಸಿನ ಮಾತು, ಕರೆಂಟಿನ ಮಾತು, ಅಷ್ಟೆ. ಆ ಒಂಟಿತನ ಅವಳಿಗೆ ಸಾಕುಸಾಕಾಗಿತ್ತು.

ಒಮ್ಮೊಮ್ಮೆ ಅವಳು ಮಾಡದ ತಪ್ಪೂ ಸಿಗುತ್ತಿತ್ತು. ಗುಣಿಸುವಲ್ಲಿ ಕೂಡಿಸುವ ಚಿಹ್ನೆ. ಯಾವಾಗಲೋ ಮಾಡಿ ಮರೆತಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಒಂದು ಸಂಜೆ ದಿನಕರ ಮೊಣಕಾಲು ನೀವಿಕೊಳ್ಳುತ್ತ ಹೇಳಿದ. "ಸರ್ಟಿಫಿಕೇಟು ತಂದ್ರೆ ಕುಮಟಾ ಬ್ರಾಂಚಲ್ಲಿ ಕೂತು ಮಾಡೂ ಕೆಲಸ ಕೊಡ್ತ್ರಂತೆ. ಬಿಸಿಲಲ್ಲಿ ತಿರಗೂದು ತಪ್ತದೆ."

"ಒಳ್ಳೇದೇ ಆತಲ್ಲ."

"ಹೌದು. ಪ್ರೋಗ್ರಾಮು ಸರಿ ಬರ್ಬೇಕಲ್ಲ ಮೊದ್ಲು."

ಶ್ರೀಗೌರಿಗೆ ನಾಚಿಕೆಯಾಯಿತು. ಒಂದು ಲೋಟ ಚಹಾದ ಜೊತೆಗಾಗಿ ಈ ಮನುಷ್ಯನ ಕಾಲು ಸವೆಸುತ್ತಿದ್ದೇನಲ್ಲ ಎನಿಸಿತು. ಅವನು ಹೋದ ಮೇಲೆ ಪ್ರೋಗ್ರಾಮನ್ನು ತಾನೇ ನಡೆಸಿ ನೋಡಿದಳು. ಹತ್ತು ಸಾವಿರಕ್ಕೆ, ಶೇಕಡಾ ಎಂಟರಂತೆ, ಎರಡು ವರ್ಷಕ್ಕೆ ಸಾವಿರದ ಆರುನೂರು. ಸರಿಯಾಗಿತ್ತು. ಏನನ್ನೂ ಮುಟ್ಟಲಿಲ್ಲ. ಸರ್ಟಿಫಿಕೇಟಿನಲ್ಲಿ ಅವನ ಹೆಸರು ಬರೆದು ಬೀಗ ಹಾಕಿದಳು. ಮನೆಗೆ ಹೋಗಿ ಸ್ವಲ್ಪ ಅತ್ತಳು.

ಮರುದಿನ ಅವನು ಬಂದು ಎಂದಿನಂತೆ ಕೂತ. ಅವಳು ಮೊಹರು ತರಲು ಒಳಕೋಣೆಗೆ ಹೋದಳು. ಇನ್ನೇನು, ಅವನು ಗುಂಡಿ ಒತ್ತುತ್ತಾನೆ, ಸರಿ ಉತ್ತರ ಬರುತ್ತದೆ, ನಾಳೆಯಿಂದ ಅವನು ಕುಮಟಾ ಬಸ್ಸು ಹತ್ತುತ್ತಾನೆ.

"ಇವತ್ತು ಉತ್ರನೇ ಬರ್ತಾ ಇಲ್ಲ ಮೇಡಂ!"

ಅವಳು ಓಡಿ ಬಂದಳು. ಉತ್ತರ ತೋರಿಸುವ ಸಾಲೇ ಮಾಯವಾಗಿತ್ತು.

"ನಾಳೆ ನೋಡ್ವಾ?" ಎಂದ ದಿನಕರ, ತಲೆ ಎತ್ತದೆ.

ಅವನ ಬೆರಳು ಇನ್ನೂ ಅಳಿಸುವ ಗುಂಡಿಯ ಮೇಲೇ ಇತ್ತು.