ಸಿಪಾಯಿಯ ಹೆಂಡತಿ

ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲ. ಆ ಬೆಳಿಗ್ಗೆ ದಂಡಿನಿಂದ ಮರಳಿದ ಸಿಪಾಯಿಯೊಬ್ಬ ಕೋಟೆಬಾಗಿಲಲ್ಲಿ ಹೇಳಿದ ಸುದ್ದಿ ಬಳೆಗಾರ ನಂಜಶೆಟ್ಟಿಯ ಎದೆಯ ಮೇಲೆ ಕೂತುಬಿಟ್ಟಿತ್ತು. ಗಡಿಯ ಕಾಳಗದಲ್ಲಿ ಸಿಪಾಯಿ ಕೆಂಚಯ್ಯ ಸತ್ತಿದ್ದ.

ಸಿಪಾಯಿಗಳ ಬೀದಿಯಲ್ಲಿ ಎತ್ತಿನ ಗಾಡಿ, ನೀರು ಹೊರುವವರ ನಡುವೆ ನುಸುಳಿಕೊಂಡು, ಕೆಂಚಯ್ಯನ ಮನೆ ದಾಟುವ ತನಕ "ಬಳೇ" ಎಂದು ಕೂಗಬಾರದೆಂದು ಶೆಟ್ಟಿ ಬೇಗ ಬೇಗ ನಡೆದ. ಆದರೂ ಕೆಂಚಯ್ಯನ ಹೆಂಡತಿ ದೇವೀರಿ ಅವನನ್ನು ಕಂಡು ಜಗಲಿಗೆ ಬಂದಳು.

"ಶೆಟ್ರೇ, ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿ."

"ಒಳ್ಳೇವು ಇಲ್ಲ ಕಣವ್ವಾ. ಮುಂದಿನ ವಾರ ತತ್ತೀನಿ."

"ಇರೋದನ್ನೇ ತೊಡಿಸಿ" ಎಂದು ಅವಳು ಕೈ ಚಾಚಿ ಕೂತಳು.

ಬೇರೆ ದಾರಿ ಕಾಣದೆ ಶೆಟ್ಟಿ ಕೂತ. ಬಳೆ ಏರಿಸುವಾಗ ಒಂದು ಚಟ್ಟನೆ ಮುರಿಯಿತು. ಇನ್ನು ಅವನಿಗೆ ತಡೆಯಲಾಗಲಿಲ್ಲ.

"ಬ್ಯಾಡ ಮಗಳೇ, ನಿನ್ ಗಂಡ..."

ದೇವೀರಿ ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದು, ಒಳಮನೆಯ ಕಡೆ ನೋಡಿ ಪಿಸುಗುಟ್ಟಿದಳು:

"ಗೊತ್ತು ಶೆಟ್ರೇ, ಸುದ್ದಿ ಕೇಳಿ ಹಿತ್ಲಲ್ಲಿ ಕೈಬಳೆಯೆಲ್ಲ ಒಡ್ಕೊಂಡ್ಬುಟ್ಟೆ, ಆದ್ರೆ ಅತ್ತೇಗೆ ಕಣ್ಣು ಕಾಣಾಕಿಲ್ಲ, ನನ್ನ ಬಳೆ ಸದ್ದು ಕೇಳೋಗಂಟ ಮಗ ಬದುಕವ್ನೆ ಅನ್ಕೊಂಡಿರ್ತಾರೆ."