ಕಟಿಂಗಿಗೆ ನಲವತ್ತು ದಿರ್ಹಮ್

ಸುಲ್ತಾನಬಿ ಮಗನ ಕೈಯಿಂದ ಪೆನ್ನು ಕಸಿದುಕೊಂಡು ‘ಕಟಿಂಗ್ – ನಲವತ್ತು ದಿರ್ಹಮ್’ ಎಂಬ ಸಾಲಿನ ಮೇಲೆ ದಪ್ಪಗೆ ಗೀಟು ಎಳೆದಳು.

“ಕೂದಲ ಕತ್ತರಿಸಾಕ ಇಷ್ಟು ರೊಕ್ಕ? ಎರಡು ವರ್ಸ ಬೆಳೀಲಿ ಬಿಡು.”

“ತಬ್ರೇಜ ಕಳಿಸಿದ ಪಟ್ಟಿ ಅಮ್ಮಾ, ನಂದಲ್ಲ,” ಎಂದು ಜಾಹಿದ ನಕ್ಕ.

ತಬ್ರೇಜ ಅವನ ಗೆಳೆಯ. ಆರು ವರ್ಷದಿಂದ ದುಬೈಯಲ್ಲಿ ಎಸಿ ರಿಪೇರಿ. ಅಲ್ಲಿ ಒಂದು ಜೀವಕ್ಕೆ ತಿಂಗಳಿಗೆ ಎಷ್ಟು ಬೇಕು ಎಂದು ಕೇಳಿದ್ದಕ್ಕೆ, ತನ್ನ ಖರ್ಚನ್ನೆಲ್ಲ ಬಿಚ್ಚಿ ವಾಟ್ಸಾಪ್ ಮಾಡಿದ್ದ. ಜಾಹಿದ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಕೂತಿದ್ದ.

“ಸಿಗರೇಟು, ಅರವತ್ತು,” ಮುಂದಿನ ಸಾಲು ಓದಿದ ಸುಲ್ತಾನಬಿಯ ಕಣ್ಣು ಅಗಲವಾಯಿತು.

“ಅದೂ ತಬ್ರೇಜಂದ!”

ಅದಕ್ಕೂ ಗೀಟು ಬಿತ್ತು.

ತಾಳಿಕೋಟೆಯ ಆ ಮನೆಯಲ್ಲಿ ಅಂದು ಯಾರೂ ಕೂತಲ್ಲಿ ಕೂತಿರಲಿಲ್ಲ. ಜಾಹಿದ ತನ್ನ ಮೊಬೈಲ್ ಅಂಗಡಿಯ ಶಟರ್ ಮಧ್ಯಾಹ್ನವೇ ಎಳೆದು ಬಂದಿದ್ದ. ದಿನಕ್ಕೆ ಮುನ್ನೂರು ರೊಟ್ಟಿ ಬೇಯಿಸಿ ಊರಿನ ಖಾನಾವಳಿಗಳಿಗೆ ಕಳಿಸುವ ಒಲೆ ಮಾತ್ರ ತನ್ನ ಪಾಡಿಗೆ ಉರಿಯುತ್ತಿತ್ತು. ಸಂಜೆ ಐದಕ್ಕೆ ಕಾಸಿಂಸಾಬರ ಫೋನು ಬರುವುದಿತ್ತು. ಮುದ್ದೇಬಿಹಾಳದವರು, ದುಬೈಯಲ್ಲಿ ಹೋಟೆಲು ಇಟ್ಟವರು. ಸಂಬಳ ಎರಡು ಸಾವಿರದ ಇನ್ನೂರು ದಿರ್ಹಮ್; ವೀಸಾ, ಟಿಕೆಟು ಅವರದೇ. ಹೂಂ ಅಥವಾ ಊಹೂಂ, ಇವತ್ತೇ ಹೇಳಬೇಕು. ಪಾಸ್‌ಪೋರ್ಟು ಆಗಲೇ ಕೈಸೇರಿತ್ತು. ಬೆರಳಚ್ಚು ಹಿಡಿಯುವ ಯಂತ್ರ ನಾಲ್ಕು ಸಲ ತಕರಾರು ತೆಗೆದು ಐದನೆಯ ಸಲಕ್ಕೆ ಒಪ್ಪಿತ್ತು.

ಒಪ್ಪದವನು ಒಬ್ಬನೇ, ಯಜಮಾನ ಚಮನಸಾಬ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬೇಡ ಎನ್ನಲು ಬಾಯಿ ಬಾರದೆ ಒಂದು ಷರತ್ತು ಹಾಕಿದ್ದ: ತಿಂಗಳಿಗೆ ಒಂದೂವರೆ ಸಾವಿರ ದಿರ್ಹಮ್ ಉಳಿಯಬೇಕು, ಒಂದು ಕಡಿಮೆಯಾದರೂ ಪ್ರಯಾಣ ರದ್ದು. ಅಷ್ಟು ಉಳಿದರೆ ಎರಡು ವರ್ಷಕ್ಕೆ ಬಸ್‌ಸ್ಟ್ಯಾಂಡ್ ಎದುರಿನ ಮಳಿಗೆ ಕೈಗೆ ಬರುತ್ತಿತ್ತು. ಆ ಮಳಿಗೆಯ ಮೇಲೆ ಸುಲ್ತಾನಬಿ ಕಣ್ಣಿಟ್ಟು ಹತ್ತು ವರ್ಷವಾಗಿತ್ತು.

ರೊಟ್ಟಿ ಒಯ್ಯಲು ಬಂದ ಖಾನಾವಳಿಯ ಚಂದಪ್ಪ ಜಾಹಿದನ ಬೆನ್ನಿಗೆ ಗುದ್ದಿದ. “ಏನೋ ದುಬೈ ಸಾಹೇಬ! ಬರುವಾಗ ಬಂಗಾರದ ಹಲ್ಲು ಹಾಕ್ಕೊಂಡು ಬರ್ತಿ ನೋಡು!”

“ಇನ್ನೂ ಪಕ್ಕಾ ಆಗಿಲ್ರಿ,” ಎಂದು ಸುಲ್ತಾನಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಒಲೆಯ ಮುಂದೆ ಸೊಸೆ ಗುಲನಾಜ ಮೂಗು ಒರೆಸಿಕೊಳ್ಳುತ್ತಿದ್ದಳು. ವಾರದಿಂದ ಅತ್ತೆ ಅವಳನ್ನು ರೊಟ್ಟಿ ಬಡಿಯಲು ಕೂರಿಸಿದ್ದಳು. ಈಗ ಬಡಿದದ್ದೂ ಹರಿದಿತ್ತು.

“ಎರಡು ವರ್ಸ ನನ್ನ ಗತಿ ಏನ್ರಿ ಅತ್ತಿ?”

“ರೂಢಿ ಆಗತೈತಿ ಮಗಳ. ನಿನ್ನ ವಯಸ್ಸಿನ್ಯಾಗ ನಾನೂ ಹಿಂಗ ಅತ್ತೇನಿ.”

ಪಟ್ಟಿ ಮುಂದುವರಿಯಿತು. ಕೋಣೆಯಲ್ಲಿ ಒಂದು ಮಂಚ, ನಾನೂರು. ಹೋಟೆಲಿನ ಊಟ ಬಿಟ್ಟು ಮೇಲಿನ ಊಟ-ತಿಂಡಿ, ಇನ್ನೂರು. ಬಸ್ಸು, ನೂರು.

“ನೂರು ದಿರ್ಹಮ್ ಅಂದ್ರ ಎರಡೂವರಿ ಸಾವಿರ!” ಹೊರಸಿನ ಮೇಲೆ ಮಲಗಿದ್ದ ಚಮನಸಾಬ ಎದ್ದು ಕೂತ. “ಅಷ್ಟು ರೊಕ್ಕದಾಗ ಇಡೀ ಓಣಿ ಮಂದೀನ ವಿಜಾಪುರಕ್ಕ ಬಿಟ್ಟು ಬರ್ತಿದ್ದೆ!”

ಫೋನಿಗೆ ಐವತ್ತು. ಜಾಹಿದ ಕೂಡಿಸಿದ. ಖರ್ಚು ಏಳುನೂರಾ ಐವತ್ತು. ಉಳಿಯುವುದು ಸಾವಿರದ ನಾನೂರಾ ಐವತ್ತು. ಐವತ್ತಕ್ಕೆ ಬಂಡಿ ನಿಂತಿತು. ಗಡಿಯಾರದಲ್ಲಿ ನಾಲ್ಕೂವರೆ.

“ಇಲ್ಲಿಂದ ಒಣಗಿಸಿದ ಇನ್ನೂರು ಕಟಕ ರೊಟ್ಟಿ ಕಟ್ಟಿದ್ರಾತು,” ಎಂದಳು ಸುಲ್ತಾನಬಿ. “ಊಟದಾಗ ಐವತ್ತು ಉಳೀತೈತಿ.”

ಜಾಹಿದ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಮ್ಮಾ, ಅಲ್ಲಿಗೆ ರೊಟ್ಟಿ ಒಯ್ಯೂದ!” ಅಳುತ್ತಿದ್ದ ಗುಲನಾಜಳಿಗೂ ನಗು ತಡೆಯಲಾಗಲಿಲ್ಲ. ಸುಲ್ತಾನಬಿ ತಾನೂ ನಕ್ಕು, ಮತ್ತೆ ಪೆನ್ನು ಎತ್ತಿಕೊಂಡಳು. “ಹಂಗಾದ್ರ ಈ ಫೋನಿಗೂ ಗೀಟು ಎಳೀತೇನಿ. ಹಬ್ಬಕ್ಕೊಮ್ಮೆ ಮಾತಾಡಿದ್ರ ಸಾಕು.”

ಚಮನಸಾಬ ಬಂದು ಅವಳ ಕೈ ಹಿಡಿದ.

“ಫೋನ್ ಮುಟ್ಟಬ್ಯಾಡ.” ಅವನು ಪೆನ್ನು ಬಿಡಿಸಿಕೊಂಡ. “ಐವತ್ತು ಕಡಿಮಿ ಉಳಿದ್ರ ಉಳೀಲಿ. ದಿನಾ ಒಮ್ಮೆ ಮಾರಿ ಕಾಣಬೇಕು ನನಗ.”

ಸುಲ್ತಾನಬಿಯ ಕಣ್ಣು ತುಂಬಿಬಂತು. ಸಂತೋಷ ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು.

“ಮೂವತ್ತು ವರ್ಸದಾಗ ನಿಮ್ಮ ಬಾಯಿಂದ ಇಂಥಾ ಮಾತು ಇವತ್ತ ಬಂತು ನೋಡ್ರಿ,” ಎಂದು ಕಣ್ಣೊರೆಸಿಕೊಂಡು ಸೊಸೆಯ ಪಕ್ಕ ರೊಟ್ಟಿ ಬಡಿಯಲು ಕೂತಳು.

ಐದಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಕಾಸಿಂಸಾಬರ ಬಿಳಿ ಗಡ್ಡ ಮೂಡಿತು.

“ಏನಾತಪ್ಪ ಜಾಹಿದ? ಬರೂದು ಪಕ್ಕಾನ?”

“ಪಕ್ಕಾ ರೀ ಚಾಚಾ,” ಎಂದ ಜಾಹಿದ, ಫೋನನ್ನು ಒಲೆಯ ಕಡೆ ತಿರುಗಿಸಿದ.

ನಲವತ್ತು ವರ್ಷ ರೊಟ್ಟಿ ಬಡಿದು ಬೆರಳ ಗೆರೆ ಸವೆದ ಎರಡು ಕೈಗಳು ಹಿಟ್ಟು ಝಾಡಿಸಿಕೊಂಡು ಪರದೆಗೆ ಸಲಾಂ ಮಾಡಿದವು. “ಬರ್ತೇನ್ರಿ ಭಾಯಿ,” ಎಂದಳು ಸುಲ್ತಾನಬಿ, “ಆದ್ರ ನಿಮ್ಮ ಹೋಟೆಲದಾಗ ರೊಟ್ಟಿ ಮಷೀನ್ ಇದ್ರ ಈಗ ಹೇಳಿಬಿಡ್ರಿ, ನಾ ಒಲ್ಲೆ.”